ಚಂಪಾವತಿಗೆ ನಾನು ಹೇಳಿದ ರುಚಿ

ನಮ್ಮೂರಿನಲ್ಲಿ ತಾನು ಮಾಡಿದ ಕಾಫಿ ತನಗೆ ರುಚಿಸುವುದಿಲ್ಲ. ರುಚಿಸುವುದಿಲ್ಲ ಎಂದರೆ ಇಷ್ಟವಾಗುವುದಿಲ್ಲ ಎಂದಲ್ಲ, ರುಚಿಯೇ ಇರುವುದಿಲ್ಲ, ಬರೀ ಬಿಸಿನೀರು. ಪುಡಿ ಹಾಕಿದ ಕೈ ಯಾರದೋ ಅವರಿಗೆ ಅದು ನೀರು, ಉಳಿದವರಿಗೆಲ್ಲ ಕಾಫಿ. ಸೇತುವೆ ದಾಟಿದರೆ ಹಾಗಿಲ್ಲವಂತೆ. ಅಲ್ಲಿಯವರು ತಾವೇ ಮಾಡಿಕೊಂಡು, ತಾವೇ ಕುಡಿದು, ತಾವೇ ಭೇಷ್ ಅಂದುಕೊಳ್ಳುತ್ತಾರಂತೆ. ಅದನ್ನು ಕೇಳಿದರೆ ನಮಗೆ ನಗು ಬರುತ್ತದೆ. ನಮ್ಮಲ್ಲಿ ಗಂಡನ ಲೋಟ ಹೆಂಡತಿ ಮಾಡುತ್ತಾಳೆ, ಹೆಂಡತಿಯ ಲೋಟ ಗಂಡ ಮಾಡುತ್ತಾನೆ. ಮಾತು ಬಿಟ್ಟ ದಾಯಾದಿಗಳು ಕೂಡ ಬೆಳಿಗ್ಗೆ ಆರೂವರೆಗೆ ಕಾಂಪೌಂಡ್ ಗೋಡೆಯ ಮೇಲೆ ತಮ್ಮ ಲೋಟ ಇಟ್ಟು, ಎದುರಿನವನ ಲೋಟ ಎತ್ತಿಕೊಂಡು, ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾರೆ. ಒಂಟಿಯಾಗಿರುವವರು ಇನ್ನೊಂದು ಬೀದಿಯಲ್ಲಾದರೂ ಸರಿ, ಮತ್ತೊಬ್ಬ ಒಂಟಿಯನ್ನು ಹುಡುಕಿಕೊಳ್ಳುತ್ತಾರೆ. ಸಂಬಂಧ ನೋಡುವಾಗ ಹುಡುಗಿಯ ಕಡೆಯವರು ಮೊದಲು ಕೇಳುವುದು, ಹುಡುಗನಿಗೆ ಕಾಫಿ ಮಾಡಲು ಬರುತ್ತದಾ ಅಂತ.

ನಾನು ಪುಟ್ಟಲಕ್ಷ್ಮಿ. ಹೆಸರಿಗೆ ಪುಟ್ಟ, ಆಳು ನೋಡಿದರೆ ಬಾಗಿಲಷ್ಟು ಅಗಲ. ಇಪ್ಪತ್ತು ವರ್ಷ ಊರಿನ ಒಂದೇ ಟಾಕೀಸಿನಲ್ಲಿ ಟಿಕೆಟ್ ಕಿಂಡಿಯ ಹಿಂದೆ ಕೂತವಳು. ನನ್ನ ಓರಗೆಯವಳಾದ ಚಂಪಾವತಿ ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ನಾನು ಕೊಟ್ಟಿದ್ದನ್ನೆಲ್ಲ ಅವಳು ಹರಿದು ಹಾಕುತ್ತಾಳೆ, ಆದರೂ ಇಬ್ಬರೂ ಗೆಳತಿಯರು ಎಂದು ಜನ ಗೇಲಿ ಮಾಡುತ್ತಿದ್ದರು. ಟಾಕೀಸು ಮುಚ್ಚಿತು. ಚಂಪಾ ಮನೆಗೆ ಹೋಗಿ ಗಂಡ ಶೇಷಗಿರಿಯ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚತೊಡಗಿದಳು. ನಾನು ಅಣ್ಣನ ಮನೆ ಸೇರಿದೆ. ಅತ್ತಿಗೆ ಕೆಟ್ಟವಳೇನಲ್ಲ. ಆದರೆ ನಾನು ಕೂತರೆ ನೋಡುತ್ತಾಳೆ, ನಿಂತರೂ ನೋಡುತ್ತಾಳೆ. ಎರಡು ವರ್ಷ ಹಾಗೆ ನೋಡಿಸಿಕೊಂಡ ಮೇಲೆ ಮನುಷ್ಯಳಿಗೆ ತನ್ನ ನೆರಳು ಕೂಡ ಅಡ್ಡ ಅನ್ನಿಸತೊಡಗುತ್ತದೆ.

ಅಷ್ಟರಲ್ಲಿ ಟಾಕೀಸಿನ ಮುಂದಿನ ಹಜಾರಕ್ಕೆ ಸುಣ್ಣಬಣ್ಣ ಆಯಿತು. ಪೋಸ್ಟರ್ ಅಂಟಿಸುತ್ತಿದ್ದ ಗೋಡೆ ಕೆರೆದು ಕಿಟಕಿ ಇಟ್ಟರು. ಒಂದು ದೊಡ್ಡ ಕಾಫಿ ಯಂತ್ರ ಬಂದು ಕೂತಿತು. ಹಿತ್ತಾಳೆಯ ಹಿಡಿಕೆ, ಉಗಿ ಉಗುಳುವ ಮೂತಿ, ಗಡಿಯಾರದಂಥ ಎರಡು ಮುಳ್ಳು. ಈ ಯಂತ್ರದ ಮುಂದೆ ನಿಲ್ಲುವವರಿಗೆ ಬರಿಸ್ಟಾ ಅನ್ನುತ್ತಾರೆಂದೂ, ಒಂದು ತಿಂಗಳು ಪುಕ್ಕಟೆ ಕಲಿಸುತ್ತಾರೆಂದೂ, ಕಲಿತವರಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತಾರೆಂದೂ ಸುದ್ದಿ ಹಬ್ಬಿತು. ಚಂಪಾಳನ್ನು ಎಳೆದುಕೊಂಡು ಹೋದವಳು ನಾನೇ. ಒಬ್ಬಳೇ ಹೋಗಲು ನನಗೆ ಹೆದರಿಕೆ. ಬೇಡ ಕಣೇ, ನನಗೆ ಗುಂಡಿ ಕೆಲಸ ಇದೆ ಎಂದು ಅವಳು ಹೇಳಿದಳು, ನಾನು ಕೇಳಲಿಲ್ಲ.

ಕಲಿಸಲು ಬಂದವರು ತಾರಾಮಣಿ ಮೇಡಂ. ನಮ್ಮೂರಿನವರೇ, ಸೇತುವೆಯಾಚೆ ಹನ್ನೆರಡು ವರ್ಷ ಇಂಥ ಯಂತ್ರದ ಮುಂದೆ ನಿಂತು ಬಂದವರು. ಬಿಳಿ ಕೂದಲು, ಬಾಯಲ್ಲಿ ಸದಾ ಏಲಕ್ಕಿ, ಬೈಯುವಾಗಲೂ ದನಿ ಏರಿಸುವವರಲ್ಲ. ಮೊದಲ ದಿನ ಏಳು ಜನ ಇದ್ದೆವು. ಪುಡಿ ತೂಗಿ ಹಾಕುವುದು, ಬೆರಳಿನಿಂದ ಸಮ ಮಾಡುವುದು, ಹಿಡಿಯಿರುವ ಗುಂಡಗಿನ ಬಿಲ್ಲೆಯಿಂದ ಒತ್ತುವುದು, ಇಷ್ಟನ್ನೇ ಮೂರು ದಿನ ಮಾಡಿಸಿದರು. ಯಂತ್ರದ ಗುಂಡಿ ಒತ್ತಲು ಬಿಡಲಿಲ್ಲ. ಮೊಣಕೈ ನೆಟ್ಟಗಿರಲಿ, ಭುಜದ ಭಾರ ಬೀಳಲಿ, ಪುಡಿ ಒಂದು ಕಡೆ ವಾಲಿದರೆ ನೀರು ಆ ಕಡೆಯೇ ಓಡಿಹೋಗುತ್ತದೆ ಎಂದು ಹೇಳಿದ್ದನ್ನೇ ಹೇಳಿದರು. ಇದೇನು ಸಿಮೆಂಟ್ ಕೆಲಸವಾ ಎಂದು ಗೊಣಗಿ ಮೂರು ಜನ ಹೋದರು. ಉಗಿಯ ಮೂತಿಗೆ ಬೆರಳು ಸುಟ್ಟುಕೊಂಡು ಒಬ್ಬಳು, ಅದನ್ನು ನೋಡಿ ಇನ್ನೊಬ್ಬಳು ಹೋದಳು. ಹತ್ತನೇ ದಿನಕ್ಕೆ ಉಳಿದವರು ನಾನು ಮತ್ತು ಚಂಪಾ.

ಅವತ್ತು ಮೇಡಂ ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಇನ್ನು ಮೇಲೆ ನೀವಿಬ್ಬರೂ ಒಬ್ಬರಿಗೊಬ್ಬರು ಬಾಯಿ ಅಂದರು. ಬಾಯಿ ಎಂದರೆ ನಮ್ಮೂರಿನ ಮಾತು. ತನ್ನ ಕಾಫಿ ಹೇಗಿದೆ ಎಂದು ತನಗೇ ಗೊತ್ತಾಗುವುದಿಲ್ಲವಲ್ಲ, ಕುಡಿದು ಹೇಳುವವರು ಒಬ್ಬರು ಬೇಕು. ಅವರೇ ನಮ್ಮ ಬಾಯಿ. ತಾನು ಮಾತ್ರ ಕೊನೆಯ ದಿನದವರೆಗೆ ಒಂದು ಗುಟುಕೂ ಕುಡಿಯುವುದಿಲ್ಲ ಎಂದು ಮೇಡಂ ಮೊದಲೇ ಹೇಳಿಬಿಟ್ಟರು. ನಾನು ಹೇಳಿದರೆ ನನ್ನ ನಾಲಗೆಗೆ ತಕ್ಕ ಹಾಗೆ ಮಾಡೋದು ಕಲೀತೀರಿ, ಈ ಕಿಟಕಿ ಹತ್ರ ಕೂರೋವರು ನಾನಲ್ಲ ಅಂದರು. ಕೈ ನೋಡಿ ತಿದ್ದುತ್ತಿದ್ದರು, ರುಚಿಯ ಮಾತೆತ್ತಿದರೆ ನಮ್ಮ ನಮ್ಮ ಬಾಯಿಯ ಕಡೆ ಬೆರಳು ತೋರಿಸುತ್ತಿದ್ದರು.

ಚಂಪಾ ನನಗೆ ಎಂಥ ಬಾಯಿಯಾಗಿದ್ದಳು ಎಂದು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾನು ಮಾಡಿದ ಮೊದಲ ಬಟ್ಟಲು ಕುಡಿದು, ಪಾತ್ರೆ ತೊಳೆದ ನೀರು ಕಣೇ ಇದು ಅಂದಳು. ಎರಡನೆಯದಕ್ಕೆ, ಇದು ತೊಳೆಯದ ಪಾತ್ರೆಯದು ಅಂದಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವಳು ಬರೀ ಅಂದು ಬಿಡುತ್ತಿರಲಿಲ್ಲ. ಗುಟುಕನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ಎಲ್ಲಿ ಹುಳಿ, ಎಲ್ಲಿ ಕಹಿ, ನಾಲಗೆಯ ತುದಿಯಲ್ಲಾ ಬುಡದಲ್ಲಾ ಎಂದು ಹುಡುಕಿ ಹುಡುಕಿ ಹೇಳುತ್ತಿದ್ದಳು. ನಾನು ಹಾಲು ಕಾಯಿಸಿದರೆ ಉಗಿ ಕಿರುಚುತ್ತಿತ್ತು. ಹಾಲಲ್ಲಿ ಸೋಪಿನ ಗುಳ್ಳೆ ಏಳುತ್ತಿತ್ತು. ಮೂತಿಯನ್ನು ಇನ್ನೊಂದು ಕೂದಲೆಳೆ ಕೆಳಗಿಡು, ಬಟ್ಟೆ ಹರಿದ ಸದ್ದು ಬರಬೇಕು, ಟಾಕೀಸಲ್ಲಿ ನಾನು ಟಿಕೆಟ್ ಹರೀತಿದ್ದೆನಲ್ಲ ಹಾಗೆ ಎಂದು ಹೇಳಿಕೊಟ್ಟವಳು ಅವಳೇ. ಎರಡೇ ದಿನದಲ್ಲಿ ನನ್ನ ಹಾಲು ರೇಷ್ಮೆಯಾಯಿತು. ಒಂದು ವಾರದಲ್ಲಿ ನನ್ನ ಕಾಫಿಗೆ ಅವಳು ಮುಖ ಸಿಂಡರಿಸುವುದು ನಿಂತಿತು.

ಈಗ ನನ್ನ ಸರದಿ. ಅವಳ ಮೊದಮೊದಲ ಬಟ್ಟಲುಗಳು ನನ್ನವಷ್ಟೇ ಕೆಟ್ಟದಾಗಿದ್ದವು. ಆಗ ನಾನು ನಿಜವನ್ನೇ ಹೇಳುತ್ತಿದ್ದೆ, ಖುಷಿಯಿಂದಲೇ ಹೇಳುತ್ತಿದ್ದೆ. ಕಾಳು ಅರೆಯುವ ಗ್ರೈಂಡರಿನ ಕುತ್ತಿಗೆಯಲ್ಲಿ ಒಂದು ಬಳೆ ಇತ್ತು, ಅದರ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಅಂಕಿ. ಅಂಕಿ ಇಳಿದಷ್ಟೂ ಪುಡಿ ನುಣುಪು. ಹುಳಿಯಾದರೆ ಅಂಕಿ ಇಳಿಸಬೇಕು, ಕಹಿಯಾದರೆ ಏರಿಸಬೇಕು, ಅಷ್ಟೇ ಲೆಕ್ಕ. ಅವಳು ನನ್ನ ಮಾತು ಕೇಳಿ ಕೇಳಿ ಹನ್ನೆರಡರಿಂದ ಹನ್ನೊಂದಕ್ಕೆ, ಹತ್ತಕ್ಕೆ ಇಳಿದು ಬಂದಳು. ಇಪ್ಪತ್ತೆರಡನೇ ದಿನ ಒಂಬತ್ತಕ್ಕೆ ಬಂದಳು.

ಆ ಒಂಬತ್ತರ ಬಟ್ಟಲು ನನಗೆ ಇವತ್ತಿಗೂ ನೆನಪಿದೆ. ಇಪ್ಪತ್ತೇಳು ಸೆಕೆಂಡಿಗೆ, ಇಲಿಯ ಬಾಲದಷ್ಟು ಸಣ್ಣ ಧಾರೆ, ಜೋನಿಬೆಲ್ಲದ ಬಣ್ಣ. ಹಾಲಿಲ್ಲ, ಸಕ್ಕರೆಯಿಲ್ಲ. ಎರಡು ಗುಟುಕಿನಷ್ಟು. ಕುಡಿದೆ. ನನ್ನ ಕಣ್ಣಲ್ಲಿ ನೀರು ಬಂತು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಬಂತು. ಕಾಫಿ ಹೀಗಿರಬಹುದು ಎಂದು ನನಗೆ ನಲವತ್ತಮೂರು ವರ್ಷ ಯಾರೂ ಹೇಳಿರಲಿಲ್ಲ. ನಾನು ಇನ್ನು ಹತ್ತು ವರ್ಷ ಮಾಡಿದರೂ ಅಂಥದ್ದು ನನ್ನ ಕೈಯಲ್ಲಿ ಆಗದು ಎಂದು ಆ ಗುಟುಕು ಗಂಟಲಿಂದ ಇಳಿಯುವ ಮೊದಲೇ ಗೊತ್ತಾಗಿಹೋಯಿತು. ಅದು ಸಾಧಾರಣವಾಗಿ ಚೆನ್ನಾಗಿದ್ದಿದ್ದರೆ ಚೆನ್ನಾಗಿದೆ ಎಂದೇ ಹೇಳುತ್ತಿದ್ದೆ. ಅಷ್ಟು ಚೆನ್ನಾಗಿದ್ದದ್ದಕ್ಕೇ ನನ್ನ ಹೊಟ್ಟೆ ಉರಿಯಿತು. ಅತ್ತಿಗೆ ನೋಡುವ ನೋಟ ಕಣ್ಣ ಮುಂದೆ ಬಂತು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಿಗೆ ಅತ್ತಿಗೆ ನೆನಪಾಗಲಿಲ್ಲ. ಬರೀ ಹೊಟ್ಟೆಯುರಿ.

ಚಂಪಾ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಕಣ್ಣೇನು ಕೆಂಪಾಯಿತಲ್ಲ ಎಂದು ಕೇಳಿದಳು. "ಹುಳಿ ಕಣೇ, ಕಣ್ಣಲ್ಲಿ ನೀರು ಬರೋಷ್ಟು ಹುಳಿ" ಅಂದೆ.

ಅವಳ ಮುಖ ಬಾಡಿತು. ಸರಿ ಎಂದು ಬಳೆಯನ್ನು ಎಂಟಕ್ಕೆ ತಿರುಗಿಸಿದಳು. ಮರುದಿನವೂ ಹುಳಿ ಅಂದೆ, ಏಳು. ಅದರ ಮರುದಿನ ಆರು. ಒಂದು ಸಲ ಸುಳ್ಳು ಹೇಳಿದ ಮೇಲೆ ಎರಡನೆಯದು ಕಷ್ಟವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಷ್ಟವೇ. ಆದರೆ ಹಿಂದೆ ಬರುವ ದಾರಿ ಗೊತ್ತಿರಲಿಲ್ಲ. ಪುಡಿ ನುಣುಪಾದಷ್ಟೂ ಧಾರೆ ನಿಧಾನವಾಗಿ, ಮೇಡಂ ಹಾಕಿಕೊಟ್ಟಿದ್ದ ಮೂವತ್ತು ಸೆಕೆಂಡಿನ ಗಡಿ ದಾಟಿ, ಮೂವತ್ತೈದಾಗಿ, ಕೊನೆಗೆ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಚಂಪಾಗೆ ಅನುಮಾನ ಬಂದದ್ದು ನನ್ನ ಮೇಲಲ್ಲ, ಗಡಿಯಾರದ ಮೇಲೆ. ಹೊತ್ತು ಮೀರುತ್ತಿದೆಯಲ್ಲೇ ಪುಟ್ಟಿ ಎಂದು ಕೇಳಿದಳು. ನಾನು ಹೇಳಿದ ಮಾತು ಬರೆಯಲು ಈಗಲೂ ಕೈ ಬರುವುದಿಲ್ಲ. "ಗಡಿಯಾರ ಕುಡಿಯಲ್ವಲ್ಲೇ ಕಾಫಿನ. ನನ್ನ ನಾಲಗೆ ನಂಬು."

ನಂಬಿದಳು. ಬೇರೆ ಯಾರಿಗಾದರೂ ಕೊಟ್ಟು ಕೇಳಬಹುದಿತ್ತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮಲ್ಲಿ ಒಂದು ಬಟ್ಟಲಿಗೆ ಒಂದೇ ಬಾಯಿ. ಒಬ್ಬರು ಹೇಳಿದ ಮೇಲೆ ಅದೇ ಬಟ್ಟಲನ್ನು ಇನ್ನೊಬ್ಬರ ಕೈಗೆ ಕೊಟ್ಟು ನೀವೂ ಹೇಳಿ ಅಂದರೆ, ಮೊದಲನೆಯವರನ್ನು ಬೀದಿಯಲ್ಲಿ ನಿಲ್ಲಿಸಿ ಕೆನ್ನೆಗೆ ಹೊಡೆದ ಹಾಗೆ. ಜಗಳ ಕಾಯುವವರು ಕೂಡ ಅಷ್ಟು ದೂರ ಹೋಗುವುದಿಲ್ಲ. ಹೀಗಿದ್ದೂ ಊರು ನಡೆಯುತ್ತಿರುವುದು, ಬಾಯಿಯಾದವರು ಸುಳ್ಳು ಹೇಳುವುದಿಲ್ಲ ಎನ್ನುವ ಒಂದೇ ನಂಬಿಕೆಯ ಮೇಲೆ. ನಾನು ಒದ್ದದ್ದು ಅದನ್ನೇ.

ಕೊನೆಯ ದಿನ ಮೇಡಂ ಬಾಯಲ್ಲಿದ್ದ ಏಲಕ್ಕಿ ಉಗಿದು, ಮುಕ್ಕಳಿಸಿ, ಕುರ್ಚಿ ಹಾಕಿಕೊಂಡು ಕೂತರು. ನನ್ನ ಬಟ್ಟಲು ಮೊದಲು. ನಿಧಾನವಾಗಿ ಪೂರ್ತಿ ಕುಡಿದರು. ಚಂಪಾ ಬಳೆಯನ್ನು ನಾಲ್ಕಕ್ಕೆ ಇಟ್ಟುಕೊಂಡು ಮಾಡಿದಳು; ಯಂತ್ರ ಮುಲುಗಿತು. ಮೇಡಂ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು. ಅವರು ಚಂಪಾಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಆ ನೋಟಕ್ಕೆ ಅತ್ತಿಗೆಯ ನೋಟವೇ ವಾಸಿ. "ಪುಟ್ಟಲಕ್ಷ್ಮಿ, ನಿನ್ನ ಕಾಫಿ ಚೆನ್ನಾಗಿದೆ. ಅದನ್ನ ಚೆನ್ನಾಗಿ ಮಾಡಿದ್ದು ಚಂಪಾವತಿ ಬಾಯಿ. ಅವಳ ಕಾಫಿ ಹೇಗಿದೆ ಅನ್ನೋದು ನಿನಗೆ ಗೊತ್ತು" ಅಂದರು. ಇಷ್ಟೇ. ಕೆಲಸ ನನಗೆ ಕೊಟ್ಟು, ಮರುದಿನವೇ ಸೇತುವೆಯಾಚೆ ಹೊರಟುಹೋದರು. ಹೇಳಬಾರದಿತ್ತೇ, ಕೇಳಬಾರದಿತ್ತೇ ಎಂದು ನಾನು ಅವರ ಮೇಲೂ ಒಂದಷ್ಟು ದಿನ ಸಿಟ್ಟು ಮಾಡಿಕೊಂಡೆ. ತಪ್ಪು ಮಾಡಿದವರಿಗೆ ಯಾರ ಮೇಲೆ ಬೇಕಾದರೂ ಸಿಟ್ಟು ಬರುತ್ತದೆ.

ಚಂಪಾ ನನಗೆ ಬಯ್ದಿದ್ದರೆ ಒಳ್ಳೆಯದಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಳು. "ನೀನು ದಿನಾ ಅಷ್ಟು ಹೇಳಿಕೊಟ್ಟೆ. ನಿನ್ನ ಬಾಯಿಗೆ ಮರ್ಯಾದೆ ತರೋಕೆ ನನ್ನ ಕೈಲಿ ಆಗ್ಲಿಲ್ಲ ಕಣೇ. ತಪ್ಪು ತಿಳ್ಕೋಬೇಡ" ಅಂದಳು. ನಾನು, ಅಯ್ಯೋ ಬಿಡೇ ಅಂದೆ. ಭೂಮಿ ಬಾಯಿ ಬಿಡಬಾರದೇ ಅಂತಾರಲ್ಲ, ಹಾಗೆ ಅನ್ನಿಸಿದ್ದು ನನ್ನ ಜೀವಮಾನದಲ್ಲಿ ಅವತ್ತೇ ಮೊದಲು.

ಆಮೇಲೆ ಮೂರು ವರ್ಷ ನಾನು ಆ ಯಂತ್ರದ ಮುಂದೆ ನಿಂತೆ. ಅಂಗಡಿ ಚೆನ್ನಾಗಿ ನಡೆಯಿತು. ಒಂಟಿಗಳಿಗೆಲ್ಲ ಒಂದು ಜಾಗ ಸಿಕ್ಕಿತು. ಬೆಳಿಗ್ಗೆ ಎದ್ದು ಇನ್ನೊಬ್ಬ ಒಂಟಿಯ ಬಾಗಿಲು ತಟ್ಟುವ ಪಾಡು ತಪ್ಪಿತು. ಕಿಟಕಿಯ ಪಕ್ಕದ ಕುರ್ಚಿ ಜನ್ನಯ್ಯನವರದು, ದೋಣಿಯ ಕಟ್ಟೆಯಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು, ಹೆಂಡತಿ ಇಲ್ಲ. ನಾನೂ ಟಿಕೆಟ್ಟಿನವಳೇ ಎಂದು ಅವರಿಗೆ ನನ್ನ ಮೇಲೆ ಅಭಿಮಾನ. ಹಾಲಿನ ಮೇಲೆ ಎಲೆ, ಹೃದಯ ಎಲ್ಲ ಬಿಡಿಸುವುದು ಕಲಿತೆ. ಅಣ್ಣನ ಮನೆ ಬಿಟ್ಟು ಟಾಕೀಸಿನ ಹಿಂದಿನ ಒಂದು ಕೋಣೆಗೆ ಬಂದೆ. ಯಾರೂ ನೋಡದ ಕೋಣೆ. ಅಲ್ಲಿ ಕೂತರೆ ನಾನೇ ನನ್ನನ್ನು ನೋಡುತ್ತ ಕೂರುವಂತಾಯಿತು.

ಚಂಪಾ ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದಳು. ಅಂಗಡಿಗೆ ನಿಂತವಳಿಗೆ ಬಾಯಿ ಬೇಡವೇ? ನಾನು ಕೇಳಿಕೊಂಡಿರಲಿಲ್ಲ, ಅವಳಾಗಿ ಬರುತ್ತಿದ್ದಳು. ಹೊಸ ಮೂಟೆಯ ಕಾಳು ಬಂದರೆ ಎರಡು ಸಲ ಬರುತ್ತಿದ್ದಳು. ಕಣ್ಣು ಮುಚ್ಚಿ, ಹುಡುಕಿ ಹುಡುಕಿ, ಹಳೆಯ ಹಾಗೇ ಹೇಳುತ್ತಿದ್ದಳು. ಊರವರೆಲ್ಲ ಪುಟ್ಟಲಕ್ಷ್ಮಿಯ ಕೈ ಎಂದು ಹೊಗಳುತ್ತಿದ್ದದ್ದು ಅವಳ ನಾಲಗೆಯನ್ನು. ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹಬ್ಬ ಆಗಲಿ, ಅವಳ ನೆಗಡಿ ವಾಸಿಯಾಗಲಿ, ಅಂಗಡಿ ಖಾಲಿ ಇರುವಾಗ ಬರಲಿ, ಹೀಗೆ ಏನಾದರೊಂದು. ಮೂರು ವರ್ಷ ಅಂಗಡಿ ಒಂದು ದಿನವೂ ಖಾಲಿ ಇರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ?

ಕಳೆದ ಮಾಘದಲ್ಲಿ ಒಂದು ಬೆಳಿಗ್ಗೆ ಶೇಷಗಿರಿ ಬಂದ. ಅವನು ನಮ್ಮ ಅಂಗಡಿಗೆ ಬಂದವನೇ ಅಲ್ಲ. ಹೆಗಲ ಮೇಲೆ ಟೇಪು ಹಾಗೇ ನೇತಾಡುತ್ತಿತ್ತು. ಒಂದು ಕಾಫಿ ತೆಗೆದುಕೊಂಡು, ಕುಡಿಯದೆ, ಕಟ್ಟೆಗೆ ಒರಗಿ ನಿಂತ. ಕೇಳಿದರೆ ಮೊದಲು ಏನಿಲ್ಲ ಅಂದ. ಆಮೇಲೆ ಒಂದೊಂದಾಗಿ ಹೇಳಿದ. ಚಂಪಾ ಮೂರು ವರ್ಷದಿಂದ ಮನೆಯಲ್ಲಿ ಕಾಫಿ ಮಾಡಿಲ್ಲವಂತೆ. ನನ್ನ ಕೈ ಕೆಟ್ಟಿದೆ, ಹಾಳು ಕಾಫಿ ನಿಮಗೆ ಯಾಕೆ ಕುಡಿಸಲಿ ಅನ್ನುತ್ತಾಳಂತೆ. ಅವಳಿಗೆ ಅವನು ಮಾಡಿಕೊಡುತ್ತಾನೆ. ಅವನು ಮಾತ್ರ ದಿನಾ ಬೆಳಿಗ್ಗೆ ಎರಡು ಬೀದಿ ನಡೆದು ಅಕ್ಕನ ಮನೆಯಲ್ಲಿ ಕುಡಿದು ಬರುತ್ತಾನೆ. ನಿನ್ನ ಕಾಫಿ ನನಗೆ ಚೆನ್ನಾಗೇ ಇತ್ತು ಎಂದರೆ, ನೀವು ಗಂಡ, ಬಚ್ಚಲ ನೀರು ಕೊಟ್ಟರೂ ಚೆನ್ನಾಗಿದೆ ಅಂತೀರಿ ಅನ್ನುತ್ತಾಳಂತೆ. ನಮ್ಮೂರಿನಲ್ಲಿ ಹೆಂಡತಿ ಇದ್ದೂ ಪರರ ಮನೆಯ ಲೋಟ ಹಿಡಿಯುವ ಗಂಡಸನ್ನು ಜನ ಹೇಗೆ ನೋಡುತ್ತಾರೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಮೂರು ವರ್ಷ ದಿನಾ ಬಂದು ನನ್ನೆದುರು ಕೂತವಳು ಇದರ ಸುಳಿವೇ ಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ, ನಿನ್ನ ಮನೆಯ ಕಾಫಿ ಹೇಗೆ ಎಂದು ಕೇಳುವ ಮುಖ ನನಗೆಲ್ಲಿತ್ತು?

ಹೊರಡುವ ಮುಂಚೆ ಶೇಷಗಿರಿ ದನಿ ತಗ್ಗಿಸಿದ. "ಅವಳು ನಂಬೋದು ನಿನ್ನ ಬಾಯಿ ಒಂದೇ ಪುಟ್ಟಲಕ್ಷ್ಮಿ. ನಿನ್ನ ಕೈ ಚೆನ್ನಾಗಿದೆ ಕಣೇ ಅಂತ ಒಂದು ಸಲ ಅಂದುಬಿಡು. ಬಾಯಿ ಆದವರು ಸುಳ್ಳು ಹೇಳಬಾರದು, ನನಗೂ ಗೊತ್ತು. ಆದ್ರೂ ನನಗೋಸ್ಕರ ಇದೊಂದು ಸುಳ್ಳು ಹೇಳಮ್ಮ" ಅಂದ.

ಅವನು ಹೋದ ಮೇಲೆ ಎರಡು ಬಟ್ಟಲು ಒಡೆದೆ. ನಿಜವನ್ನು ಸುಳ್ಳೆಂದುಕೊಂಡು ಒಬ್ಬ ಗಂಡಸು ನನ್ನ ಮುಂದೆ ಕೈಮುಗಿದು ಬೇಡಿಕೊಂಡು ಹೋದ. ಅವನು ಕೇಳಿದ ಹಾಗೇ ಮಾಡಬಹುದಿತ್ತು. ಈಗಿನ ನಿನ್ನ ಕೈ ಸುಧಾರಿಸಿದೆ ಎಂದರೆ ಚಂಪಾ ನಗುತ್ತ ಮನೆಗೆ ಹೋಗುತ್ತಿದ್ದಳು, ಅವನಿಗೆ ಅಕ್ಕನ ಮನೆಗೆ ನಡೆಯುವುದು ತಪ್ಪುತ್ತಿತ್ತು, ನನ್ನ ಜಾಗವೂ ಉಳಿಯುತ್ತಿತ್ತು. ಆ ಯೋಚನೆ ಬಂದದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಸತ್ಯವನ್ನು ಕೂಡ ಕದ್ದು ಕೊಡಬೇಕೇ ನಾನು?

ಹನ್ನೊಂದಕ್ಕೆ ಅವಳು ಬಂದಳು. ಅಂಗಡಿಯಲ್ಲಿ ಹತ್ತು ಹನ್ನೆರಡು ಜನ. ನಾನು ಮಾಡಿದ ಬಟ್ಟಲು ಕುಡಿದು, ಇವತ್ತು ಒತ್ತಿದ್ದು ಸಮ ಇಲ್ಲ ಕಣೇ, ಎಡಗಡೆ ನೀರು ಓಡಿದೆ ಅಂದಳು. ಸರಿಯಾಗಿಯೇ ಹೇಳಿದಳು. ಆಗ ನಾನು ಹೇಳಿದೆ. ದನಿ ತಗ್ಗಿಸಿ ಹೇಳಬೇಕೆಂದುಕೊಂಡಿದ್ದೆ, ಆದರೆ ಬಂದದ್ದು ಇಪ್ಪತ್ತು ವರ್ಷ ಕಿಂಡಿಯಿಂದ ಕೂಗಿದ ದನಿ. "ಚಂಪಾ, ಕಲಿಯುವಾಗ ನನ್ನ ಕಣ್ಣಲ್ಲಿ ನೀರು ಬಂತಲ್ಲ, ಅವತ್ತು ನಿನ್ನ ಕಾಫಿ ಹುಳಿ ಇರಲಿಲ್ಲ. ಅವತ್ತಿಂದಾಚೆ ಒಂದು ದಿನವೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ."

ನಾನು ಏಪ್ರನ್ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಈ ಜಾಗ ನಿನ್ನದು, ತಗೋ ಅಂದೆ. ಅವಳು ಅದರ ಕಡೆ ನೋಡಲಿಲ್ಲ. ಬೈಯಬಹುದು, ಅಳಬಹುದು, ಎದ್ದು ಹೋಗಬಹುದು ಎಂದೆಲ್ಲ ನಾನು ಮೂರು ವರ್ಷ ಎಣಿಸಿದ್ದೆ. ಅವಳು ಕೇಳಿದ್ದು ಬೇರೆಯೇ.

"ಹಾಗಾದ್ರೆ ಹೇಗಿತ್ತು?"

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆ ಬಟ್ಟಲು ಅವಳಿಗೆ ಬಿಸಿನೀರು. ಅದನ್ನು ಕುಡಿದವಳು ಲೋಕದಲ್ಲಿ ನಾನೊಬ್ಬಳೇ. ಅವಳು ಮಾಡಿದ್ದರಲ್ಲೆಲ್ಲ ಒಳ್ಳೆಯದು ಯಾವುದಿತ್ತೋ ಅದನ್ನು ನಾನು ಕುಡಿದು, ಅವಳಿಗೆ ಹೇಳದೆ ಮೂರು ವರ್ಷ ಇಟ್ಟುಕೊಂಡಿದ್ದೆ. ಕೆಲಸ ಕಿತ್ತುಕೊಂಡೆ ಎಂದಷ್ಟೇ ನಾನು ಅಂದುಕೊಂಡಿದ್ದು. ಇದು ನನ್ನ ತಲೆಗೇ ಹೊಳೆದಿರಲಿಲ್ಲ.

ಹೇಳಿದೆ. ನನಗೆ ಬಂದಷ್ಟು ಹೇಳಿದೆ. ಮೊದಲು ಕಿತ್ತಳೆಯ ಸಿಪ್ಪೆ ಹಿಂಡಿದ ಹಾಗೆ ಒಂದು ಘಮ, ಆಮೇಲೆ ಹುರಿದ ಗೋಡಂಬಿ, ಗಂಟಲಿಗಿಳಿದ ಮೇಲೆ ಬೆಲ್ಲ, ಅದೂ ತಿಂದ ಬೆಲ್ಲವಲ್ಲ, ಪಕ್ಕದ ಮನೆಯಲ್ಲಿ ಕುದಿಯುತ್ತಿರುವ ಬೆಲ್ಲ. ಕಣ್ಣಲ್ಲಿ ನೀರು ಬಂದದ್ದು ಹುಳಿಗಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗುತ್ತಿತ್ತು, ಇದು ಆ ರುಚಿಯಲ್ಲ, ಬರೀ ಮಾತು. ಅವಳು ಕಣ್ಣು ಮುಚ್ಚಿ ಕೇಳಿದಳು, ನನ್ನ ಕಾಫಿ ಕುಡಿಯುವಾಗ ಮುಚ್ಚುವ ಹಾಗೆ.

ಆಮೇಲೆ ಎದ್ದು, ಕಟ್ಟೆ ಸುತ್ತಿ ಒಳಗೆ ಬಂದಳು. ಏಪ್ರನ್ ಮುಟ್ಟಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಪಕ್ಕಕ್ಕೆ ಸರಿದೆ. ಮೂರು ವರ್ಷ ಮುಟ್ಟದ ಕೈ ಮೊದಲು ತಡವರಿಸಿತು. ತೂಗಿದಳು, ಸಮ ಮಾಡಿದಳು, ಮೊಣಕೈ ನೆಟ್ಟಗಿಟ್ಟು ಒತ್ತಿದಳು. ಆದರೆ ಅದಕ್ಕೂ ಮುಂಚೆ, ಯೋಚಿಸದೆ, ಉಸಿರಾಡಿದಷ್ಟು ಸಲೀಸಾಗಿ ಅವಳ ಕೈ ಗ್ರೈಂಡರಿನ ಬಳೆಯನ್ನು ಹಿಡಿದು ನಾಲ್ಕಕ್ಕೆ ತಿರುಗಿಸಿತ್ತು. ನಾನು ಕಂಡೆ. ಇನ್ನು ಯಾವ ಬಾಯಲ್ಲಿ ಅವಳಿಗೆ ಅಂಕಿ ಹೇಳಲಿ? ಎಲ್ಲ ಮರೆತಿದ್ದ ಆ ಕೈ ನನ್ನ ಸುಳ್ಳೊಂದನ್ನು ಮಾತ್ರ ನೆನಪಿಟ್ಟುಕೊಂಡಿತ್ತು.

ಯಂತ್ರ ಮುಲುಗಿತು. ತೊಟ್ಟು ತೊಟ್ಟಾಗಿ ಬಿದ್ದದ್ದನ್ನು ನನ್ನ ಮುಂದಿಟ್ಟು, ಹೇಳು ಅಂದಳು. ಕುಡಿದೆ. ಸುಟ್ಟ ಇದ್ದಿಲಿನ ಕಹಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೆನ್ನಾಗಿದೆ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅಲ್ಲಿದ್ದವರು ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಬಟ್ಟಲಿಗೆ ಹಿಂತಿರುಗುತ್ತಿದ್ದರು. ಈಗ ತಾನೇ ಸುಳ್ಳಿ ಎಂದು ಒಪ್ಪಿಕೊಂಡವಳು, ಮತ್ತೆ ಅವಳ ಕಾಫಿ ಕೆಟ್ಟದು ಎಂದು ಹೇಗೆ ಹೇಳಲಿ? "ಕಹಿ" ಅಂದೆ.

ಚಂಪಾ ನನ್ನನ್ನು ನೋಡಿದಳು. ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕಟ್ಟೆಯಾಚೆ ಹೋಗಿ, ಕಿಟಕಿಯ ಪಕ್ಕದ ಕುರ್ಚಿಯ ತನಕ ನಡೆದು, ಜನ್ನಯ್ಯನವರ ಮುಂದೆ ಹಿಡಿದಳು. ನೀವು ಹೇಳಿ ಅಂದಳು.

ಯಾರೋ ಅಯ್ಯೋ ಅಂದರು. ಜನ್ನಯ್ಯನವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. ಬೇಡಮ್ಮ, ಅವರು ಹೇಳಿಯಾಯಿತಲ್ಲ, ಹಾಗೆಲ್ಲ ಮಾಡಬಾರದು ಎಂದು ತೊದಲಿದರು. ಚಂಪಾ ಬಟ್ಟಲು ಹಿಡಿದ ಕೈ ಇಳಿಸಲಿಲ್ಲ. ಅವರು ನನ್ನ ಕಡೆ ನೋಡಿದರು. ಕುಡೀರಿ ಎಂದು ನಾನು ತಲೆಯಾಡಿಸಿದೆ. ನನ್ನ ಕೆನ್ನೆ ಉರಿಯುತ್ತಿತ್ತು, ನಿಜಕ್ಕೂ ಯಾರೋ ಹೊಡೆದ ಹಾಗೆ. ಅವರು ಒಂದು ಗುಟುಕು ಕುಡಿದು, ಕಹಿ ಕಣಮ್ಮ ಅಂದು ತಲೆ ತಗ್ಗಿಸಿದರು.

ಅವಳು ಒಳಗೆ ಬಂದಳು. ನನ್ನ ಮುಖ ನೋಡದೆ, ಬಳೆಯ ಮೇಲೆ ಕೈಯಿಟ್ಟು, "ಎಷ್ಟರಲ್ಲಿತ್ತು?" ಎಂದು ಕೇಳಿದಳು. ಒಂಬತ್ತು ಅಂದೆ. ಒಂಬತ್ತಕ್ಕೆ ತಿರುಗಿಸಿದಳು. ಮತ್ತೆ ತೂಗಿ, ಮತ್ತೆ ಒತ್ತಿ, ಕಾಫಿ ಬೀಳುವ ಕಡೆ ಒಂದರ ಬದಲು ಎರಡು ಬಟ್ಟಲು ಇಟ್ಟಳು. ಧಾರೆ ಎರಡಾಗಿ ಒಡೆದು ಬಿತ್ತು. ಬಣ್ಣ ನೋಡಿಯೇ ನನಗೆ ಗೊತ್ತಾಯಿತು. ಒಂದನ್ನು ಜನ್ನಯ್ಯನವರಿಗೆ ಕೊಟ್ಟು ಬಂದು, ಇನ್ನೊಂದನ್ನು ನನ್ನ ಕಡೆ ತಳ್ಳಿದಳು.

ಕುಡಿದೆ. ಮೂರು ವರ್ಷದ ಹಿಂದಿನದೇ. ನಾನು ಹೇಳಿದ ಕಿತ್ತಳೆ, ಗೋಡಂಬಿ ಒಂದೂ ಸರಿಯಿರಲಿಲ್ಲ. ಅದಕ್ಕಿಂತ ಎಷ್ಟೋ ಮೇಲೆ ಇತ್ತು. ಬಟ್ಟಲು ಕೆಳಗಿಟ್ಟೆ. "ಚೆನ್ನಾಗಿದೆ ಚಂಪಾ. ತುಂಬ ಚೆನ್ನಾಗಿದೆ" ಅಂದೆ.

ನಾನು ಹೇಳಿದ್ದು ನಿಜವೋ ಅಲ್ಲವೋ ತಿಳಿಯಲು ಕಿಟಕಿಯ ಕಡೆ ತಿರುಗಿದಳು. ಜನ್ನಯ್ಯನವರು ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೌದು ಎಂದು ತಲೆಯಾಡಿಸಿದರು. ಆಗ ಅವಳು ನಕ್ಕಳು, ಅವರನ್ನು ನೋಡಿ.